ಕೇಸು ಗೆದ್ದಾಯ್ತು, ಇನ್ನು ಹಣ ವಸೂಲಿ ಹೇಗೆ?

"ಡಿಕ್ರಿ ನಮ್ಮ ಕಡೆ ಆಗಿ ಎರಡು ವರ್ಷ ಆಯ್ತು. ಹಣ ಮಾತ್ರ ಬಂದಿಲ್ಲ. ಕೋರ್ಟಿನಲ್ಲಿ ಯಾರನ್ನು ಕೇಳಬೇಕು?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉತ್ತರ ಹಲವರಿಗೆ ಬೇಸರ ತರಿಸುತ್ತದೆ: ನೀವು ಕೇಳದೆ ಕೋರ್ಟು ಏನೂ ಮಾಡುವುದಿಲ್ಲ. ಇಷ್ಟು ಹಣ ಬರಬೇಕು ಎಂದು ತೀರ್ಪು ಕೊಟ್ಟು, ಅದನ್ನು ಡಿಕ್ರಿ ಎಂಬ ಆದೇಶವಾಗಿ ಬರೆದರೆ ಆ ದಾವೆ ಅಲ್ಲಿಗೆ ಮುಗಿಯಿತು. ವಸೂಲಿಗೆ ಬೇರೆಯೇ ಅರ್ಜಿ ಹಾಕಬೇಕು. ಅದಕ್ಕಿಂತ ಮುಖ್ಯವಾಗಿ, ಎದುರಾಳಿಯ ಆಸ್ತಿ ಎಲ್ಲಿದೆ, ಏನಿದೆ ಎಂದು ನೀವೇ ಹುಡುಕಿ ಕೋರ್ಟಿಗೆ ತೋರಿಸಬೇಕು. ಈ ಹುಡುಕಾಟ ಸರಿಯಾಗಿ ಮಾಡಿದವರಿಗೆ ಹಣ ಬರುತ್ತದೆ. ಮಾಡದವರ ಫೈಲು ತಾರೀಖಿನಿಂದ ತಾರೀಖಿಗೆ ಓಡಾಡುತ್ತಿರುತ್ತದೆ.

ಇಲ್ಲಿ ಹೇಳುತ್ತಿರುವುದು ಸಿವಿಲ್ ಕೋರ್ಟಿನ ಹಣದ ಡಿಕ್ರಿಯ ಬಗ್ಗೆ ಮಾತ್ರ. ಕೈಸಾಲ, ಬಾಡಿಗೆ ಬಾಕಿ, ಸರಕಿನ ಬಿಲ್ಲು, ಅಡ್ವಾನ್ಸ್ ವಾಪಸ್ ಇಂಥವು. ಚೆಕ್ ಬೌನ್ಸ್ ಕೇಸು ಮತ್ತು ಗ್ರಾಹಕ ಆಯೋಗದ ಆದೇಶಕ್ಕೆ ದಾರಿ ಬೇರೆ. ಲೋಕ ಅದಾಲತ್‌ನಲ್ಲಿ ರಾಜಿಯಾಗಿದ್ದರೆ ಆ ಆದೇಶಕ್ಕೂ ಡಿಕ್ರಿಯ ಬೆಲೆಯೇ ಇದೆ, ಹಾಗಾಗಿ ಈ ಹಂತಗಳು ಅದಕ್ಕೂ ಹೊಂದುತ್ತವೆ.

ಮೊದಲು ನಾಲ್ಕು ಪದ ತಿಳಿದುಕೊಳ್ಳಿ. ಹಣ ಬರಬೇಕಾದ ನೀವು ಡಿಕ್ರಿದಾರರು. ಕೊಡಬೇಕಾದವರು ತೀರ್ಪು ಋಣಿ, ಈ ಲೇಖನದಲ್ಲಿ ಬಾಕಿದಾರ ಎನ್ನುತ್ತೇನೆ. ಆರ್ಡರ್ ಶೀಟಿನಲ್ಲಿ, ಅಂದರೆ ಪ್ರತಿ ತಾರೀಖಿಗೆ ಕೋರ್ಟು ಬರೆಯುವ ಹಾಳೆಯಲ್ಲಿ, ಡಿಎಚ್‌ಆರ್ ಅಂತಿದ್ದರೆ ನೀವು, ಜೆಡಿಆರ್ ಅಂತಿದ್ದರೆ ಅವರು. ಡಿಕ್ರಿಯನ್ನು ಜಾರಿ ಮಾಡಿಸಿ ಎಂದು ಹಾಕುವ ಅರ್ಜಿಯೇ ಅಮಲ್ಜಾರಿ ಅರ್ಜಿ, ವಕೀಲರು ಎಕ್ಸಿಕ್ಯೂಷನ್ ಪಿಟಿಷನ್ ಎನ್ನುತ್ತಾರೆ. ಕೋರ್ಟಿನ ವಾರಂಟು ಹಿಡಿದು ಜಾಗಕ್ಕೆ ಬರುವ ಸಿಬ್ಬಂದಿ ಅಮೀನ.

ಹಂತ 1: ನಕಲು ತೆಗೆಸಿ, ತಾರೀಖು ನೋಡಿ

ತೀರ್ಪು ಮತ್ತು ಡಿಕ್ರಿ, ಎರಡರದ್ದೂ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಎರಡೂ ಒಂದೇ ಅಲ್ಲ. ತೀರ್ಪಿನಲ್ಲಿ ಕಾರಣಗಳಿರುತ್ತವೆ. ಡಿಕ್ರಿಯಲ್ಲಿ ಯಾರು, ಯಾರಿಗೆ, ಎಷ್ಟು, ಯಾವ ಬಡ್ಡಿ, ಎಷ್ಟು ಖರ್ಚು ಎಂಬುದು ಮಾತ್ರ ಇರುತ್ತದೆ. ಜಾರಿ ಆಗುವುದು ಡಿಕ್ರಿ. ಅದರಲ್ಲಿ ಹೆಸರು, ವಿಳಾಸ, ಮೊತ್ತ ತಪ್ಪಾಗಿ ಟೈಪ್ ಆಗಿದ್ದರೆ ಈಗಲೇ ತಿದ್ದುಪಡಿಗೆ ಅರ್ಜಿ ಕೊಡಿ. ಜಪ್ತಿಯ ದಿನ ಬಾಗಿಲಲ್ಲಿ ನಿಂತಾಗ "ಇದರಲ್ಲಿರುವ ಹೆಸರು ನಂದಲ್ಲ" ಎಂಬ ವಾದಕ್ಕೆ ಯಾಕೆ ಜಾಗ ಕೊಡಬೇಕು, ಅಲ್ವಾ?

ಅಮಲ್ಜಾರಿಗೆ ಕಾಲಮಿತಿ 12 ವರ್ಷ. ಅದರ ಲೆಕ್ಕ ಡಿಕ್ರಿ ಆದ ದಿನದಿಂದ. ನಕಲು ಕೈಗೆ ಬಂದ ದಿನ ಲೆಕ್ಕಕ್ಕಿಲ್ಲ. ಅವಧಿ ಮೀರಿದರೆ ವಿಳಂಬ ಮನ್ನಿಸಿ ಎಂದು ಕೇಳುವ ಅವಕಾಶವೂ ಇಲ್ಲ. ಹನ್ನೆರಡು ವರ್ಷ ಇದೆಯಲ್ಲ ಅಂತ ನಿಧಾನ ಮಾಡಬೇಡಿ. ಡಿಕ್ರಿಯಾಗಿ ಎರಡು ವರ್ಷ ದಾಟಿದ ಮೇಲೆ ಅರ್ಜಿ ಹಾಕಿದರೆ ಮೊದಲು ಬಾಕಿದಾರರಿಗೆ ನೋಟಿಸ್ ಹೋಗಲೇಬೇಕು. ಆ ನೋಟಿಸ್ ತಲುಪುವಷ್ಟರಲ್ಲಿ ಬ್ಯಾಂಕ್ ಖಾತೆ ಖಾಲಿಯಾಗಿರುತ್ತದೆ, ಸೈಟು ಭಾವಮೈದುನನ ಹೆಸರಿಗೆ ಹೋಗಿರುತ್ತದೆ.

ಅವರು ಮೇಲ್ಮನವಿ ಹಾಕಿದ್ದಾರೆ ಅಂತ ಸುಮ್ನೆ ಕೂರುವುದೂ ತಪ್ಪು. ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ಮೇಲಿನ ಕೋರ್ಟು ತಡೆಯಾಜ್ಞೆ ಕೊಟ್ಟರೆ ಮಾತ್ರ ನಿಲ್ಲುತ್ತದೆ. ಹಣದ ಡಿಕ್ರಿಗೆ ತಡೆ ಕೊಡುವಾಗ ಸಾಮಾನ್ಯವಾಗಿ ಮೊತ್ತವನ್ನೋ ಅದರ ಒಂದು ಭಾಗವನ್ನೋ ಠೇವಣಿ ಇಡಿಸುತ್ತಾರೆ. ನಿಮ್ಮ ಮಾತು ಕೇಳದೆ ತಡೆ ಕೊಡಬಾರದು ಎಂದಿದ್ದರೆ ಮೇಲ್ಮನವಿ ಕೋರ್ಟಿನಲ್ಲಿ ಕೇವಿಯಟ್ ಹಾಕಿ. "ನನ್ನನ್ನೂ ಕೇಳಿ" ಎಂಬ ಮುಂಗಡ ಅರ್ಜಿ ಅದು. 90 ದಿನ ಊರ್ಜಿತದಲ್ಲಿರುತ್ತದೆ, ಆಮೇಲೆ ಹೊಸದು ಹಾಕಬೇಕು.

ಹಂತ 2: ಬರಬೇಕಾದ ಹಣ ಎಷ್ಟು ಎಂದು ಲೆಕ್ಕ ಹಾಕಿ

ಅಸಲು, ಡಿಕ್ರಿಯಲ್ಲಿ ಹೇಳಿದ ಬಡ್ಡಿ, ಕೋರ್ಟ್ ಖರ್ಚು: ಇವು ಮೂರನ್ನೂ ಬೇರೆಬೇರೆ ಸಾಲಿನಲ್ಲಿ ಬರೆಯಿರಿ. ಡಿಕ್ರಿಯ ನಂತರದ ಬಡ್ಡಿ ಸಾಮಾನ್ಯವಾಗಿ ವರ್ಷಕ್ಕೆ ಶೇ. 6ರವರೆಗೆ ಇರುತ್ತದೆ. ವ್ಯಾಪಾರದ ವ್ಯವಹಾರವಾದರೆ ಹೆಚ್ಚೂ ಇರಬಹುದು. ಡಿಕ್ರಿಯಲ್ಲಿ ಇಲ್ಲದ ಬಡ್ಡಿಯನ್ನು ನೀವು ಸೇರಿಸುವಂತಿಲ್ಲ.

ನಡುವೆ ಅಷ್ಟಿಷ್ಟು ಹಣ ಬಂದಿದ್ದರೆ ಅದನ್ನು ನೇರವಾಗಿ ಅಸಲಿನಿಂದ ಕಳೆಯಬೇಡಿ. ಡಿಕ್ರಿ ಬೇರೆ ಹೇಳದಿದ್ದರೆ ಮೊದಲು ಬಡ್ಡಿ, ಆಮೇಲೆ ಖರ್ಚು, ಉಳಿದದ್ದು ಅಸಲಿಗೆ. ಉದಾಹರಣೆಗೆ ಅಸಲು 4,00,000 ರೂ., ಬಡ್ಡಿ ಶೇ. 6, ಖರ್ಚು 20,000 ರೂ. ಇದೆ ಎನ್ನಿ. ಎರಡು ವರ್ಷಕ್ಕೆ ಬಡ್ಡಿ 48,000 ಆಯಿತು. ಆಗ ಬಾಕಿದಾರ ಒಂದು ಲಕ್ಷ ಕೊಟ್ಟರು. ಬಡ್ಡಿ ಮತ್ತು ಖರ್ಚು ಸೇರಿ 68,000 ತೀರಿತು, ಅಸಲಿಗೆ ಹೋಗಿದ್ದು 32,000. ಇನ್ನೂ 3,68,000 ರೂ. ಬಾಕಿ, ಅದರ ಮೇಲೆ ಬಡ್ಡಿ ಓಡುತ್ತಿದೆ. ಒಂದು ಲಕ್ಷ ಪೂರ್ತಿ ಅಸಲಿಗೆ ಹಾಕಿ "ಮೂರು ಲಕ್ಷ ಬಾಕಿ" ಎಂದು ನೀವೇ ಬರೆದುಕೊಟ್ಟರೆ ನಷ್ಟ ನಿಮ್ಮದೇ.

ಹಂತ 3: ಆಸ್ತಿ ಹುಡುಕಿ

ಅರ್ಜಿ ಹಾಕುವ ಮೊದಲೇ ಈ ಕೆಲಸ ಮಾಡಿ ಎಂಬುದು ನನ್ನ ಸಲಹೆ. ಬಹಳ ಜನ ಅರ್ಜಿ ಹಾಕಿ ಆಮೇಲೆ ಹುಡುಕಲು ಶುರು ಮಾಡುತ್ತಾರೆ, ಅಷ್ಟರಲ್ಲಿ ಎದುರಿನವರು ಎಚ್ಚರವಾಗಿರುತ್ತಾರೆ.

ನಿಮ್ಮ ಹಳೆಯ ಕಾಗದಗಳಿಂದಲೇ ಆರಂಭಿಸಿ. ಬಾಕಿದಾರ ಎಂದಾದರೂ ಚೆಕ್ ಕೊಟ್ಟಿದ್ದರೆ ಅದರಲ್ಲಿ ಬ್ಯಾಂಕ್, ಶಾಖೆ, ಖಾತೆ ಸಂಖ್ಯೆ ಇದೆ. ಆನ್‌ಲೈನ್‌ನಲ್ಲಿ ಹಣ ಕಳಿಸಿದ್ದರೆ ನಿಮ್ಮ ಪಾಸ್‌ಬುಕ್ಕಿನಲ್ಲಿ ಸುಳಿವು ಇರುತ್ತದೆ. ವ್ಯಾಪಾರಸ್ಥರಾದರೆ ಬಿಲ್ಲಿನ ಕೆಳಗೆ ಖಾತೆ ವಿವರವನ್ನೇ ಅಚ್ಚು ಹಾಕಿಸಿರುತ್ತಾರೆ. ದಾವೆಯಲ್ಲಿ ಅವರೇ ಸಲ್ಲಿಸಿದ ದಾಖಲೆಗಳನ್ನೂ ಇನ್ನೊಮ್ಮೆ ತಿರುವಿ ಹಾಕಿ. ತಮ್ಮ ಸ್ಥಿತಿವಂತಿಕೆ ತೋರಿಸಲು ಆಸ್ತಿಪತ್ರ ಕೊಟ್ಟು, ಈಗ "ನನ್ನ ಹತ್ರ ಏನೂ ಇಲ್ಲ" ಎನ್ನುವವರೂ ಇದ್ದಾರೆ.

ಜಮೀನಿದ್ದರೆ ಸರ್ವೆ ನಂಬರ್ ಹಿಡಿದು ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆಯಿರಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೇ ಕಾಲಂನಲ್ಲಿ ಇತರರ ಹಕ್ಕು ಮತ್ತು ಋಣ ಇರುತ್ತದೆ. ಜನ 9 ನೋಡಿ ಖುಷಿಯಾಗಿ 11 ನೋಡುವುದನ್ನು ಮರೆಯುತ್ತಾರೆ. ಬ್ಯಾಂಕಿನ ಅಡಮಾನ ಅಲ್ಲೇ ಕೂತಿರುತ್ತದೆ. ಮನೆ, ಸೈಟಿಗೆ ಇ-ಸ್ವತ್ತು ಅಥವಾ ಇ-ಖಾತಾ ದಾಖಲೆ ನೋಡಿ, ಕಾವೇರಿ ಆನ್‌ಲೈನ್‌ನಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, ತೆಗೆಸಿ. ಇಸಿಯನ್ನು ದಾವೆ ಹಾಕುವುದಕ್ಕೂ ಕೆಲವು ವರ್ಷ ಹಿಂದಿನಿಂದ ತೆಗೆಸಿ. ಕೇಸು ನಡೆಯುವಾಗಲೇ ಹೆಂಡತಿಗೋ ಮಗನಿಗೋ ದಾನಪತ್ರ ಆಗಿದೆಯಾ ಎಂಬುದು ಆಗ ಕಾಣುತ್ತದೆ. ಸಾಲಗಾರರಿಗೆ ಮೋಸ ಮಾಡಲೆಂದೇ ಮಾಡಿದ ವರ್ಗಾವಣೆಯನ್ನು ಪ್ರಶ್ನಿಸಬಹುದು. ಅದು ಉದ್ದನೆಯ ದಾರಿ, ಆದರೆ ಇದೆ.

ಡಿಕ್ರಿ ಯಾರ ಮೇಲಿದೆ ಎಂಬುದನ್ನೂ ಗಮನಿಸಿ. ಒಬ್ಬರೇ ಮಾಲೀಕರ ಅಂಗಡಿಯಾದರೆ ಮಾಲೀಕರ ಸ್ವಂತ ಆಸ್ತಿಗೂ ಕೈ ಹಾಕಬಹುದು. ಪ್ರೈವೇಟ್ ಲಿಮಿಟೆಡ್ ಕಂಪನಿಯ ಮೇಲಿನ ಡಿಕ್ರಿಗೆ ನಿರ್ದೇಶಕರ ಮನೆ ಸಿಗುವುದಿಲ್ಲ, ಅವರ ಮೇಲೂ ಡಿಕ್ರಿ ಆಗಿದ್ದರೆ ಮಾತ್ರ ಸಿಗುತ್ತದೆ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿದ್ದರೆ ಅಮಲ್ಜಾರಿ ನಿಂತುಹೋಗುತ್ತದೆ. ಆಗ ಅಲ್ಲಿ ನೇಮಕವಾದ ಅಧಿಕಾರಿಯ ಮುಂದೆ ಗಡುವಿನೊಳಗೆ ನಿಮ್ಮ ಕ್ಲೇಮು ಕೊಡಬೇಕು. ಬಾಕಿದಾರ ತೀರಿಕೊಂಡಿದ್ದರೆ ವಾರಸುದಾರರ ಮೇಲೆ ಹೋಗಬಹುದು, ಆದರೆ ತೀರಿಕೊಂಡವರಿಂದ ಅವರ ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಮಗನ ಸ್ವಂತ ಸಂಪಾದನೆ ಇದರಲ್ಲಿ ಬರುವುದಿಲ್ಲ.

ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ ಎನ್ನಿ. ಡಿಕ್ರಿಯ ಹಣ 30 ದಿನ ಕಳೆದರೂ ಬರದಿದ್ದರೆ, ಬಾಕಿದಾರ ತಮ್ಮ ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಲಿ ಎಂದು ಕೋರ್ಟನ್ನು ಕೇಳಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 41ನೇ ನಿಯಮ ಇದು. ಕೋರ್ಟು ಹೇಳಿದ ಮೇಲೂ ಕೊಡದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸಬಹುದು. ಬಹಳ ಒಳ್ಳೆಯ ಅಸ್ತ್ರ, ಆದರೂ ಇದನ್ನು ಕೇಳುವವರೇ ಕಡಿಮೆ. ನಿಮ್ಮ ವಕೀಲರಿಗೆ ನಿಯಮದ ಸಂಖ್ಯೆ ಹೇಳಿಯೇ ಕೇಳಿ.

ಹಂತ 4: ಯಾವ ಕೋರ್ಟು?

ಡಿಕ್ರಿ ಕೊಟ್ಟ ಕೋರ್ಟಿನಲ್ಲೇ ಅರ್ಜಿ. ಆಸ್ತಿ ಬೇರೆ ಊರಲ್ಲಿದ್ದರೆ ಡಿಕ್ರಿಯನ್ನು ಆ ಊರಿನ ಕೋರ್ಟಿಗೆ ವರ್ಗಾಯಿಸಿ ಎಂದು ಮೊದಲು ಕೇಳಬೇಕು. ಬೆಂಗಳೂರಿನಲ್ಲಿ ಡಿಕ್ರಿ, ಜಮೀನು ಶಿರಸಿಯಲ್ಲಿ ಎಂದರೆ ಬೆಂಗಳೂರಿನ ಕೋರ್ಟು ಅದನ್ನು ಹರಾಜು ಹಾಕುವಂತಿಲ್ಲ. ಬಾಕಿದಾರ ಹೊಸೂರಿಗೋ ಪುಣೆಗೋ ಹೋಗಿ ನೆಲೆಸಿದ್ದರೂ ಇದೇ ಕ್ರಮ. ವರ್ಗಾವಣೆ ಆಗುವಷ್ಟರಲ್ಲಿ ಆಸ್ತಿ ಮಾರಿಬಿಡುತ್ತಾರೆ ಎಂಬ ಭಯವಿದ್ದರೆ, ಆ ಊರಿನ ಕೋರ್ಟಿಗೆ ಎರಡು ತಿಂಗಳ ತಾತ್ಕಾಲಿಕ ಜಪ್ತಿಗೆ ಬರೆಯುವಂತೆ ಡಿಕ್ರಿ ಕೊಟ್ಟ ಕೋರ್ಟನ್ನು ಕೇಳುವ ಅವಕಾಶ ಅದೇ ಸಂಹಿತೆಯ ಸೆಕ್ಷನ್ 46ರಲ್ಲಿದೆ.

ಹಂತ 5: ಅರ್ಜಿ ಹಾಕಿ

ಅಮಲ್ಜಾರಿ ಅರ್ಜಿ ಕೋಷ್ಟಕದ ರೂಪದಲ್ಲಿರುತ್ತದೆ: ದಾವೆ ಸಂಖ್ಯೆ, ಡಿಕ್ರಿ ತಾರೀಖು, ಮೇಲ್ಮನವಿ ಆಗಿದೆಯೇ, ಹಿಂದೆ ಅರ್ಜಿ ಹಾಕಿದ್ದೀರಾ, ಎಷ್ಟು ಹಣ ಬಂದಿದೆ, ಎಷ್ಟು ಬಾಕಿ, ಯಾವ ವಿಧಾನದಲ್ಲಿ ವಸೂಲಿ ಬೇಕು. ಬಂದ ಹಣವನ್ನು ಮುಚ್ಚಿಡಬೇಡಿ. ಅದೊಂದು ಸುಳ್ಳು ಹೊರಬಿದ್ದರೆ ಉಳಿದ ಎಲ್ಲ ಮಾತಿಗೂ ಬೆಲೆ ಹೋಗುತ್ತದೆ. ಸ್ಥಿರಾಸ್ತಿ ಕೇಳುತ್ತಿದ್ದರೆ ಸರ್ವೆ ನಂಬರ್, ವಿಸ್ತೀರ್ಣ, ಚೆಕ್ಕುಬಂದಿ ಪೂರ್ತಿ ಬರೆಯಬೇಕು.

ದಾವೆ ಹಾಕುವಾಗ ಕಟ್ಟಿದಂತೆ ಮೊತ್ತಕ್ಕೆ ತಕ್ಕ ಕೋರ್ಟ್ ಫೀ ಮತ್ತೆ ಕಟ್ಟಬೇಕಿಲ್ಲ. ಆದರೆ ಪ್ರತಿ ನೋಟಿಸಿಗೆ, ಪ್ರತಿ ವಾರಂಟಿಗೆ ಪ್ರೊಸೆಸ್ ಫೀ ಕಟ್ಟಬೇಕು. ಅರ್ಜಿಗಳು ನಿಂತುಹೋಗುವುದು ಇಲ್ಲೇ. ಆರ್ಡರ್ ಶೀಟಿನಲ್ಲಿ "ಪಿಎಫ್ ಕಟ್ಟಿಲ್ಲ" ಎಂದು ತಾರೀಖಿನ ಮೇಲೆ ತಾರೀಖು ಬಿದ್ದು, ಕೊನೆಗೆ ಅರ್ಜಿ ವಜಾ. ಈ ಪಿಎಫ್ ಭವಿಷ್ಯ ನಿಧಿಯಲ್ಲ, ಪ್ರೊಸೆಸ್ ಫೀ. ಇ-ಕೋರ್ಟ್ಸ್ ಆ್ಯಪಿನಲ್ಲಿ ಕೇಸಿನ ಸಿಎನ್‌ಆರ್ ಸಂಖ್ಯೆ ಹಾಕಿ ಪ್ರತಿ ತಾರೀಖಿನ ನಂತರ ನೀವೇ ನೋಡಿ.

ವಜಾ ಆದರೂ 12 ವರ್ಷದೊಳಗೆ ಹೊಸ ಅರ್ಜಿ ಹಾಕಬಹುದು ನಿಜ. ಆದರೆ ನಿಮ್ಮ ಗೈರಿನಿಂದ ಅರ್ಜಿ ವಜಾ ಆದಾಗ, ಜಪ್ತಿ ಮುಂದುವರಿಯಲಿ ಎಂದು ಕೋರ್ಟು ಬರೆಯದಿದ್ದರೆ ಜಪ್ತಿಯೂ ಬಿದ್ದುಹೋಗುತ್ತದೆ. ಆ ಸಂದಿಯಲ್ಲಿ ಆಸ್ತಿ ಮಾರಿದರೆ ಏನೂ ಮಾಡಲಾಗದು.

ಹಂತ 6: ವಸೂಲಿ ವಿಧಾನ ಆರಿಸಿ

*ಬ್ಯಾಂಕ್ ಖಾತೆ.* ಖಾತೆ ವಿವರ ಗೊತ್ತಿದ್ದರೆ ಇದನ್ನೇ ಮೊದಲು ಕೇಳಿ. ಖರ್ಚು ಕಡಿಮೆ, ಬೇಗ ಆಗುತ್ತದೆ. ಕೋರ್ಟು ಬ್ಯಾಂಕಿಗೆ ತಡೆ ಆದೇಶ ಕಳಿಸುತ್ತದೆ. ಆಮೇಲೆ ಗಾರ್ನಿಷೀ ಕ್ರಮ, ಅಂದರೆ ಬಾಕಿದಾರನಿಗೆ ಹಣ ಕೊಡಬೇಕಾದ ಮೂರನೆಯವರು ಅದನ್ನು ನೇರವಾಗಿ ಕೋರ್ಟಿಗೆ ಕಟ್ಟುವಂತೆ ಮಾಡುವುದು. ಬ್ಯಾಂಕಿಗೆ ಮಾತ್ರವಲ್ಲ, ಬಾಕಿದಾರರ ಅಂಗಡಿಯ ಬಾಡಿಗೆದಾರರಿಗೆ, ಅವರಿಗೆ ಬಿಲ್ಲು ಪಾವತಿ ಮಾಡಬೇಕಾದ ಗಿರಾಕಿಗೂ ಇದು ಅನ್ವಯ. ಗುತ್ತಿಗೆದಾರರ ಕೇಸಿನಲ್ಲಿ ಇಲಾಖೆಯಿಂದ ಬರಬೇಕಾದ ಬಿಲ್ಲನ್ನೇ ಹಿಡಿಯಬಹುದು.

*ಸಂಬಳ.* ಸರ್ಕಾರಿ ನೌಕರರಾದರೂ ಖಾಸಗಿ ನೌಕರರಾದರೂ ಸಂಬಳ ಕೊಡುವವರಿಗೆ ಆದೇಶ ಹೋಗುತ್ತದೆ, ಅವರು ಪ್ರತಿ ತಿಂಗಳು ಹಿಡಿದು ಕೋರ್ಟಿಗೆ ಕಳಿಸುತ್ತಾರೆ. ಎಷ್ಟು ಹಿಡಿಯಬಹುದು? ಮೊದಲ 1,000 ರೂ. ಬಿಟ್ಟು, ಉಳಿದದ್ದರಲ್ಲಿ ಮೂರನೇ ಒಂದು ಭಾಗ. ಲೆಕ್ಕಕ್ಕೆ ಬರುವ ಸಂಬಳ 40,000 ಇದ್ದರೆ 39,000ದಲ್ಲಿ ಮೂರನೇ ಒಂದು, ಅಂದರೆ 13,000. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ ಹೀಗೆ ಹಿಡಿಯಬಹುದು. ಅಲ್ಲಿಗೆ 3,12,000 ರೂ. ಬಾಕಿ ಅದಕ್ಕಿಂತ ಜಾಸ್ತಿ ಇದ್ದರೆ ಇನ್ನೊಂದು ವಿಧಾನವನ್ನೂ ಜೊತೆಗೆ ಯೋಚಿಸಿಡಿ. ಭವಿಷ್ಯ ನಿಧಿ, ಗ್ರಾಚ್ಯುಟಿ, ಸರ್ಕಾರಿ ಪಿಂಚಣಿ, ಪಿಪಿಎಫ್, ಜೀವವಿಮೆಯ ಹಣ ಮುಟ್ಟುವಂತಿಲ್ಲ.

*ಚರಾಸ್ತಿ.* ಟಿವಿ, ಫ್ರಿಜ್, ವಾಹನ, ಅಂಗಡಿಯ ಸರಕು. ಜಪ್ತಿ ವಾರಂಟ್ ಬಂದ ದಿನ ಅಮೀನರ ಜೊತೆ ನೀವೋ ನಿಮ್ಮ ಕಡೆಯವರೋ ಹೋಗಬೇಕು. ಮನೆ ಇದೇ, ಬಾಕಿದಾರರು ಇವರೇ ಎಂದು ತೋರಿಸುವವರು ಬೇಕಲ್ಲ. ಅಮೀನರು ಪಂಚರನ್ನು ನಿಲ್ಲಿಸಿಕೊಂಡು ವಸ್ತುಗಳನ್ನು ಒಂದೊಂದಾಗಿ ಬರೆಯುತ್ತಾರೆ: ಯಾವ ಕಂಪನಿಯ ಫ್ರಿಜ್ಜು, ಎಷ್ಟು ಹಳೆಯದು, ಬಾಗಿಲು ಸೊಟ್ಟಗಾಗಿದೆಯೇ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ವಾಸದ ಮನೆಗೆ ಹೋಗುವಂತಿಲ್ಲ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಉಪಕರಣ, ರೈತರ ನೇಗಿಲು, ದನ, ಬಿತ್ತನೆ ಬೀಜ, ತಾಳಿ ಇವೆಲ್ಲ ಜಪ್ತಿಗೆ ಹೊರಗೆ. ನಿಜ ಹೇಳಬೇಕೆಂದರೆ ಮನೆಸಾಮಾನಿನ ಜಪ್ತಿಯಿಂದ ಬರುವ ಹಣ ಕಡಿಮೆ. ಬೀದಿಯವರ ಕಣ್ಣಿಗೆ ಬೀಳುತ್ತದೆ ಎಂಬ ಅಂಜಿಕೆಗೆ ಎಷ್ಟೋ ಜನ ಅಲ್ಲೇ ರಾಜಿಗೆ ಬರುತ್ತಾರೆ, ಅದರ ಉಪಯೋಗ ಅಷ್ಟೇ.

*ಸ್ಥಿರಾಸ್ತಿ.* ದೊಡ್ಡ ಮೊತ್ತಕ್ಕೆ ಇದೇ ದಾರಿ, ಆದರೆ ಹೆಚ್ಚು ಸಮಯ ಹಿಡಿಯುವುದೂ ಇದೇ. ಜಪ್ತಿ ಆದೇಶವನ್ನು ಆ ಜಾಗದಲ್ಲಿ ತಮಟೆ ಬಾರಿಸಿ ಸಾರಬೇಕು, ಆಸ್ತಿಯ ಮೇಲೂ ಕೋರ್ಟಿನಲ್ಲೂ ಅಂಟಿಸಬೇಕು. ಇದು ಹಳೇ ಕಾಲದ ಶಾಸ್ತ್ರ ಅಂತ ಹಗುರವಾಗಿ ನೋಡಬೇಡಿ. ಹೀಗೆ ಸರಿಯಾಗಿ ಆಗಿಲ್ಲ ಎಂಬ ತಕರಾರಿನಿಂದಲೇ ಹರಾಜು ರದ್ದಾಗುವುದುಂಟು. ಆದೇಶದ ಪ್ರತಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ, ಜಮೀನಾದರೆ ತಾಲ್ಲೂಕು ಕಚೇರಿಗೂ ಹೋಗಲಿ ಎಂದು ಕೇಳಿ. ಜಪ್ತಿಯ ನಂತರ ಬಾಕಿದಾರ ಮಾರಿದರೂ ಆ ಮಾರಾಟ ನಿಮ್ಮ ಹಕ್ಕಿಗೆ ಅಡ್ಡ ಬರುವುದಿಲ್ಲ.

ಆಮೇಲೆ ಹರಾಜಿನ ಪ್ರಕಟಣೆ. ಬಾಕಿ ತೀರಿಸಲು ಬೇಕಾದಷ್ಟು ಭಾಗವನ್ನು ಮಾತ್ರ ಮಾರಬೇಕು. ಐದು ಲಕ್ಷದ ಬಾಕಿಗೆ ಐದು ಎಕರೆ ತೋಟವನ್ನು ಇಡಿಯಾಗಿ ಕೇಳಿದರೆ ಮುಂದೆ ತೊಂದರೆ. ಹರಾಜು ಕೂಗಿದವರು ಅಲ್ಲೇ ಶೇ. 25 ಕಟ್ಟಬೇಕು, ಉಳಿದದ್ದು 15 ದಿನದೊಳಗೆ. ನೀವೇ ಕೂಗಬೇಕೆಂದರೆ ಕೋರ್ಟಿನ ಅನುಮತಿ ಬೇಕು. ಹರಾಜಾದ 60 ದಿನದೊಳಗೆ ಬಾಕಿದಾರ ಡಿಕ್ರಿಯ ಬಾಕಿಯನ್ನೂ, ಕೊಂಡವರಿಗೆ ಬೆಲೆಯ ಶೇ. 5ನ್ನೂ ಕಟ್ಟಿದರೆ ಹರಾಜು ರದ್ದಾಗುತ್ತದೆ. ಹಾಗಾದರೂ ನಿಮಗೆ ಹಣ ಬಂತಲ್ಲ.

ಮೂರು ಕಡೆ ಹುಷಾರಾಗಿರಿ. ಅಡಮಾನವಿರುವ ಆಸ್ತಿಯಲ್ಲಿ ಬ್ಯಾಂಕಿನ ಹಕ್ಕು ಮೊದಲು. ಒಟ್ಟು ಕುಟುಂಬದ ಆಸ್ತಿಯಲ್ಲಿ ಬಾಕಿದಾರರ ಪಾಲಿಗೆ ಮಾತ್ರ ಕೈ ಹಾಕಬಹುದು, ಕೊಂಡವರು ಆಮೇಲೆ ಪಾಲುಪಟ್ಟಿ ದಾವೆ ಹಾಕಬೇಕಾಗುತ್ತದೆ, ಹಾಗಾಗಿ ಕೊಳ್ಳುವವರು ಮುಂದೆ ಬರುವುದು ಕಡಿಮೆ. ಇನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು: 1978ರ ಪಿಟಿಸಿಎಲ್ ಕಾಯ್ದೆಯ ನಿರ್ಬಂಧ ಕೋರ್ಟು ಹರಾಜಿಗೂ ಅನ್ವಯಿಸುತ್ತದೆ. ಅಂಥ ಜಮೀನಿನ ಹಿಂದೆ ಹೋಗಬೇಡಿ.

*ಬಂಧನ.* "ಜೈಲಿಗೆ ಹಾಕಿಸಿ, ತಾನಾಗಿ ಕೊಡ್ತಾನೆ" ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ಅಷ್ಟು ಸುಲಭ ಅಲ್ಲ. ಹಣವಿಲ್ಲ ಎಂಬ ಒಂದೇ ಕಾರಣಕ್ಕೆ ಜೈಲಿಗೆ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಕೊಡುವ ಶಕ್ತಿ ಇದ್ದೂ ಕೊಡುತ್ತಿಲ್ಲ ಎಂದು ನೀವು ತೋರಿಸಬೇಕು. ಹೊಸ ಕಾರು, ಮಗಳ ಅದ್ದೂರಿ ಮದುವೆ, ಡಿಕ್ರಿಯ ನಂತರ ಮಾರಿದ ಸೈಟಿನ ಕ್ರಯಪತ್ರ ಇಂಥ ಆಧಾರ ಬೇಕು. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತಿಲ್ಲ. 5,000 ರೂ. ಮೀರಿದ ಡಿಕ್ರಿಗೆ ಗರಿಷ್ಠ ಮೂರು ತಿಂಗಳು, ಆ ದಿನಗಳ ಊಟದ ಭತ್ಯೆಯನ್ನು ನೀವೇ ಮುಂಗಡ ಕಟ್ಟಬೇಕು. ಜೈಲಿನಿಂದ ಬಿಡುಗಡೆಯಾದರೆ ಸಾಲ ತೀರಿತು ಅಂತಲ್ಲ, ಆದರೆ ಅದೇ ಡಿಕ್ರಿಗೆ ಮತ್ತೆ ಬಂಧಿಸುವಂತಿಲ್ಲ. ಒಂದೇ ಸಲ ಬಳಸಬಹುದಾದ ದಾರಿ, ಆದ್ದರಿಂದ ಕೊನೆಗೆ ಇಟ್ಟುಕೊಳ್ಳಿ.

ವಸೂಲಿ ಮಾಡಿಕೊಡುತ್ತೇವೆ ಎಂದು ಬರುವ ಪುಂಡರನ್ನು ಹತ್ತಿರ ಸೇರಿಸಬೇಡಿ. ಬಾಕಿದಾರರು ಪೊಲೀಸರಿಗೆ ದೂರು ಕೊಟ್ಟರೆ ಗೆದ್ದ ನೀವೇ ಆರೋಪಿಯಾಗುತ್ತೀರಿ.

ಹಂತ 7: ತಕರಾರು ಮತ್ತು ರಾಜಿ

ಜಪ್ತಿಯಾದ ಮೇಲೆ "ಈ ಕಾರು ನಂದು, ಈ ಮನೆ ನಂದು" ಎಂದು ಹೆಂಡತಿ, ತಮ್ಮ, ಕೊಂಡವರು ಅರ್ಜಿ ಹಾಕುವುದು ಮಾಮೂಲು. ಅದನ್ನು ಅಮಲ್ಜಾರಿ ಕೋರ್ಟೇ ತೀರ್ಮಾನಿಸುತ್ತದೆ. ಡಿಕ್ರಿಯೇ ತಪ್ಪು ಎಂಬ ವಾದವನ್ನು ಮಾತ್ರ ಇಲ್ಲಿ ಹೊಸದಾಗಿ ಕೇಳುವುದಿಲ್ಲ.

ಎಷ್ಟು ದಿನ ಹಿಡಿಯುತ್ತದೆ? ಅರ್ಜಿ ಹಾಕಿದ ಆರು ತಿಂಗಳಲ್ಲಿ ಮುಗಿಸಬೇಕು ಎಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು, ನಮ್ಮ ಕರ್ನಾಟಕದಿಂದಲೇ ಹೋದ ಕೇಸದು. 2025ರ ಮಾರ್ಚ್‌ನಲ್ಲಿ ಎಲ್ಲ ಹೈಕೋರ್ಟುಗಳಿಗೆ ಮತ್ತೆ ನೆನಪಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಲೆಕ್ಕ ನೋಡಿದಾಗ ದೇಶದಲ್ಲಿ 8.8 ಲಕ್ಷಕ್ಕೂ ಹೆಚ್ಚು ಅಮಲ್ಜಾರಿ ಅರ್ಜಿಗಳು ಬಾಕಿ ಇದ್ದವು. ಅನಗತ್ಯ ವಾಯಿದೆ ಕೇಳಿದಾಗ ಈ ತೀರ್ಪುಗಳನ್ನು ನಿಮ್ಮ ವಕೀಲರು ಮುಂದಿಡಲಿ, ಆದರೆ ಆರು ತಿಂಗಳಲ್ಲಿ ಹಣ ಬರುತ್ತದೆ ಎಂದು ನಂಬಿ ಸಾಲ ಮಾಡಬೇಡಿ.

ಈ ಕಾರಣಕ್ಕೇ ಒಳ್ಳೆಯ ರಾಜಿ ಬಂದರೆ ಬಿಡಬೇಡಿ ಎನ್ನುತ್ತೇನೆ. ಬಡ್ಡಿ ಸ್ವಲ್ಪ ಬಿಟ್ಟು ಅಸಲು ಈಗಲೇ ಬಂದರೆ ಲಾಭವೇ. ಆದರೆ ರಾಜಿಯನ್ನು ಕೋರ್ಟಿನಲ್ಲೇ ದಾಖಲಿಸಿ. ಕಂತು ತಪ್ಪಿದರೆ ಪೂರ್ತಿ ಬಾಕಿ ಬಡ್ಡಿ ಸಮೇತ ಕೊಡಬೇಕು ಎಂಬ ಷರತ್ತು ಇರಲಿ, ಕೊನೆಯ ಕಂತು ಬರುವವರೆಗೆ ಜಪ್ತಿ ತೆಗೆಯಲು ಒಪ್ಪಬೇಡಿ. ಕೋರ್ಟಿನ ಹೊರಗೆ ಹಣ ಬಂದರೂ ಬ್ಯಾಂಕ್ ಮೂಲಕವೇ ಬರಲಿ, ಬಂದದ್ದನ್ನು ಕೋರ್ಟಿಗೆ ತಿಳಿಸಿ. ಈ ಮಾತು ಬಾಕಿದಾರರಿಗೂ ಅನ್ವಯ: ದಾಖಲಾಗದ ಪಾವತಿಯನ್ನು ಅಮಲ್ಜಾರಿ ಕೋರ್ಟು ಒಪ್ಪುವುದಿಲ್ಲ, ದಾಖಲಿಸಲು ಅವರಿಗಿರುವ ಅವಧಿ ಬರೀ 30 ದಿನ.

ಹಂತ 8: ಕೋರ್ಟಿನಿಂದ ಹಣ ಬಿಡಿಸಿಕೊಳ್ಳಿ

ಬ್ಯಾಂಕಿನಿಂದಲೋ ಹರಾಜಿನಿಂದಲೋ ಬಂದ ಹಣ ಕೋರ್ಟಿನ ಠೇವಣಿಯಲ್ಲಿ ಕೂರುತ್ತದೆ, ತಾನಾಗಿ ನಿಮ್ಮ ಖಾತೆಗೆ ಬರುವುದಿಲ್ಲ. ಪಾವತಿಗೆ ಅರ್ಜಿ ಹಾಕಿ, ಪಾಸ್‌ಬುಕ್ ಪ್ರತಿ ಮತ್ತು ಗುರುತಿನ ಚೀಟಿ ಕೊಡಿ. ಡಿಕ್ರಿಯಲ್ಲಿರುವ ಹೆಸರೂ ಪಾಸ್‌ಬುಕ್ಕಿನ ಹೆಸರೂ ಒಂದೇ ಇರಬೇಕು. ಬೇರೆ ಇದ್ದರೆ ಅದಕ್ಕೊಂದು ಪ್ರಮಾಣಪತ್ರ ಸಿದ್ಧವಿರಲಿ. ಅದೇ ಬಾಕಿದಾರರ ಮೇಲೆ ಬೇರೆಯವರ ಡಿಕ್ರಿಯೂ ಇದ್ದು, ಹಣ ಕೋರ್ಟಿಗೆ ಬರುವ ಮೊದಲೇ ಅವರೂ ಅರ್ಜಿ ಹಾಕಿದ್ದರೆ, ಹಣ ಪ್ರಮಾಣಕ್ಕೆ ತಕ್ಕಂತೆ ಹಂಚಿಹೋಗುತ್ತದೆ. ಡಿಕ್ರಿದಾರರು ನಡುವೆ ತೀರಿಕೊಂಡಿದ್ದರೆ ವಾರಸುದಾರರು ಮೊದಲು ಕೇಸಿನಲ್ಲಿ ಹೆಸರು ಸೇರಿಸಿಕೊಳ್ಳಬೇಕು. ಪೂರ್ತಿ ಹಣ ಖಾತೆಗೆ ಬಿದ್ದ ಮೇಲಷ್ಟೇ "ಡಿಕ್ರಿ ಪೂರ್ಣ ತೃಪ್ತಿಯಾಗಿದೆ" ಎಂಬ ಮೆಮೋಗೆ ಸಹಿ ಹಾಕಿ. ಚೆಕ್ ಕೈಗೆ ಬಂದ ದಿನ ಬೇಡ, ಅದು ನಗದಾದ ಮೇಲೆ.